ಲಾಭ, ಎರಡು, ಮೂರು

ನಮ್ಮ ಕಡೆ ಭತ್ತ ಅಳೆಯುವವರು ‘ಒಂದು’ ಅನ್ನುವುದಿಲ್ಲ. ಮೊದಲ ಕೊಳಗ ತುಂಬಿ ಸುರಿಯುವಾಗ ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಆಗ ಗುರುತಿಗೆ ಒಂದು ಹಿಡಿ ಭತ್ತ ಪಕ್ಕದ ಮೊರದಲ್ಲಿಟ್ಟು ಮತ್ತೆ ಲಾಭದಿಂದಲೇ ಶುರು. ಯಾಕೆ ಹೀಗೆ ಎಂದು ಚಿಕ್ಕವನಿದ್ದಾಗ ಅಮ್ಮನನ್ನು ಕೇಳಿದ್ದೆ. ಒಂದು ಅಂದರೆ ಒಂದೇ ಆಗಿ ಉಳಿದುಬಿಡುತ್ತದೆ, ಲಾಭ ಅಂದರೆ ಬೆಳೆಯುತ್ತದೆ ಅಂದಿದ್ದಳು. ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಮುಂದೆ ನಾನು ಹಲವರನ್ನು ಬೈಯುವವನಿದ್ದೇನೆ, ಅದಕ್ಕೇ ನನ್ನ ಪಾಲಿನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಗೊತ್ತಿತ್ತು.

ಆಗ ನನಗೆ ಇಪ್ಪತ್ತೆರಡು ವರ್ಷ. ಹೆಸರು ಪಾರ್ಶ್ವರಾಜ, ರಿಪ್ಪನ್‌ಪೇಟೆಗೆ ಎರಡು ಹರದಾರಿ ದೂರದ ಹಳ್ಳಿಯ ಜೈನ ಹೆಗ್ಡೆಯವರ ಮನೆಯ ಹುಡುಗ. ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಓದಿ ಇಂಗ್ಲಿಷು ಕಲಿತು ಬಂದವನು ಅಂತ ನನಗೂ ಜಂಬ, ಊರಿಗೂ ಜಂಬ. ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ. ಬರ್ಮಾದಲ್ಲಿ ಯುದ್ಧ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು ಎರಡು ವರ್ಷವಾಗಿತ್ತು. ಸೈನ್ಯಕ್ಕೆ ಅಕ್ಕಿ ಬೇಕು, ಪಟ್ಟಣಗಳಿಗೆ ಅಕ್ಕಿ ಬೇಕು, ಹಾಗಾಗಿ ಪ್ರತಿ ರೈತನೂ ಇಷ್ಟು ಭತ್ತವನ್ನು ಸರ್ಕಾರ ಹೇಳಿದ ದರಕ್ಕೆ ಕೊಡಬೇಕು ಅಂತ ಹುಕುಂ ಬಂತು. ಅದಕ್ಕೆ ಲೆವಿ ಅಂತ ಹೆಸರು. ರಿಪ್ಪನ್‌ಪೇಟೆಯಲ್ಲಿ ಹೊಸದಾಗಿ ತೆರೆದ ಲೆವಿ ಗೋದಾಮಿಗೆ ನಾನು ಗುಮಾಸ್ತ, ಅಲ್ಲಿಗೆ ಬಂದ ಇಂಗ್ಲಿಷ್ ದೊರೆಗೆ ಮಾತು ತರ್ಜುಮೆ ಮಾಡುವ ದುಬಾಸಿ. ಆ ಪೇಟೆಯ ಹೆಸರೇ ಹಿಂದಿನ ಒಬ್ಬ ಲಾಟ್ ಸಾಹೇಬನದು ಅನ್ನುತ್ತಾರೆ. ಊರಿನ ಹೆಸರನ್ನೇ ತೆಗೆದುಕೊಂಡವರು ಭತ್ತ ಬಿಡುತ್ತಾರೆಯೇ?

ನಾವು ಮಾತ್ರ ಅಲ್ಲಿಯವರೆಗೂ ಬೀಗುತ್ತಿದ್ದೆವು. ಘಟ್ಟದ ಕೆಳಗಿನವರು ಇಂಗ್ಲಿಷರ ಪ್ರಜೆಗಳು, ನಾವು ಮೈಸೂರು ಮಹಾರಾಜರ ಪ್ರಜೆಗಳು ಎಂಬ ಹೆಮ್ಮೆ. ರಾಜ ನಮ್ಮವನೇ, ಆದರೆ ರಾಜನ ತಲೆಯ ಮೇಲೆ ಕೂತವನು ನಮ್ಮವನಲ್ಲ ಅನ್ನುವುದು ಲೆವಿ ಬಂದಾಗ ತಿಳಿಯಿತು. ದೆಹಲಿಯಿಂದ ಬೆಂಗಳೂರಿಗೆ ಅದು ಸಲಹೆಯಾಗಿ ಬಂತಂತೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹುಕುಮಾಗಿ ಬಂತು. ನಮ್ಮ ಹಳ್ಳಿಗೆ ಬರುವ ಹೊತ್ತಿಗೆ ಬೆದರಿಕೆಯಾಗಿತ್ತು. ಹುಲಿಕಲ್ ಘಟ್ಟದ ದಾರಿಗೆ ಅಡ್ಡವಾಗಿ ಒಂದು ಚೌಕಿ ಹಾಕಿದರು. ಬಾಣಂತಿ ಮಗಳಿಗೆ ಅಂತ ಮೂರು ಸೇರು ಅಕ್ಕಿ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದ ಹೆಂಗಸಿನ ಗಂಟನ್ನೂ ಅಲ್ಲಿ ಬಿಚ್ಚಿ ನೋಡಿ ಕಿತ್ತುಕೊಂಡರು. ಘಟ್ಟ ಹತ್ತಿ ಬರುವ ಉಪ್ಪಿಗೆ ಅವರ ಸುಂಕ, ಘಟ್ಟ ಇಳಿಯುವ ಅಕ್ಕಿಗೆ ಅವರ ಬೀಗ. ಇದಕ್ಕೆ ವ್ಯಾಪಾರ ಅನ್ನಬೇಕಂತೆ.

ಭತ್ತ ಕೊಳ್ಳಲು ಬಂದ ದೊರೆಯನ್ನು ಸೈನ್ಯದ ಕಡೆಯಿಂದ ಮದರಾಸಿನವರು ಕಳಿಸಿದ್ದರು. ಅವನ ಹೆಸರು ನಮ್ಮ ಜನರ ನಾಲಿಗೆಗೆ ಸಿಗಲಿಲ್ಲ, ದೊರೆ ಅಂದುಬಿಟ್ಟರು. ಕುಡುಕನಲ್ಲ, ಹೊಡೆಯುವವನಲ್ಲ. ಸಮಯಕ್ಕೆ ಸರಿಯಾಗಿ ಬರುತ್ತಿದ್ದ, ಬಿಸಿಲಲ್ಲೇ ನಿಂತಿರುತ್ತಿದ್ದ. ಕನ್ನಡದಲ್ಲಿ ಅವನಿಗೆ ಮೂರು ಮಾತು ಬರುತ್ತಿತ್ತು: ಬೇಗ, ಸುಳ್ಳು, ನಾಳೆ ಬಾ. ನಮ್ಮನ್ನು ಆಳುವುದಕ್ಕೆ ಅಷ್ಟು ಸಾಕಾಗಿತ್ತು. ಬೇರೆ ಯಾವುದೋ ಜಿಲ್ಲೆಯಲ್ಲಿ ಅಳತೆಯವರು ಅವನಿಗೆ ಮೋಸ ಮಾಡಿದ್ದರಂತೆ. ಅದಕ್ಕೇ ಇಲ್ಲಿ ಒಂದು ನಿಯಮ ಮಾಡಿದ್ದ. ಅಳೆಯುವವನು ಪ್ರತಿ ಕೊಳಗಕ್ಕೂ ಗಟ್ಟಿಯಾಗಿ ಸಂಖ್ಯೆ ಹೇಳಬೇಕು, ಬಾಯಲ್ಲಿ ಬಂದ ಸಂಖ್ಯೆಗೆ ಮಾತ್ರ ಗುಮಾಸ್ತ ಪುಸ್ತಕದಲ್ಲಿ ಗೆರೆ ಎಳೆಯಬೇಕು.

ನಮ್ಮ ಊರಿನಲ್ಲಿ ಮೊದಲು ಅಳೆದದ್ದು ಹುಲಿಯಮ್ಮನ ಕಣದಲ್ಲಿ. ಹುಲಿಯಮ್ಮ ಗಂಡನಿಲ್ಲದ ಹೆಂಗಸು, ಐವತ್ತರ ಆಸುಪಾಸು. ಹೊಳೆಬದಿಯ ತಗ್ಗಿನಲ್ಲಿ ಅವಳ ಗದ್ದೆ. ಆಷಾಢದಲ್ಲಿ ಹೊಳೆ ಉಕ್ಕಿ ಎಂಟು ದಿನ ಆ ಗದ್ದೆ ಕಾಣುವುದೇ ಇಲ್ಲ. ಬೇರೆ ಯಾವ ಭತ್ತ ಹಾಕಿದರೂ ಕೊಳೆತು ಹೋಗುತ್ತದೆ. ಎಡಿಕುಣಿ ಅಂತ ಒಂದು ಭತ್ತವಿದೆ, ಅದೊಂದು ಮಾತ್ರ ನೀರು ಇಳಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಅದೇ ಬೀಜ. ಸುತ್ತಲಿನವರು ದಿಬ್ಬದ ಗದ್ದೆಯವರು, ಅವರಿಗೆ ಅದು ಬೇಕಿರಲಿಲ್ಲ, ಅವರ ಹತ್ತಿರ ಇರಲೂ ಇಲ್ಲ. ಬಿತ್ತನೆಗೆ ಅಂತ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಮುಡಿ, ಒಂದೊಂದರಲ್ಲಿ ಐದೈದು ಕೊಳಗ, ಅವಳ ಅಟ್ಟದ ಮೇಲಿದ್ದವು.

ಅವಳು ಕೊಡಬೇಕಾಗಿದ್ದ ಲೆವಿ ಹತ್ತು ಖಂಡುಗ. ಅಳೆಯುವವನು ಹೂವಪ್ಪ. ಅರವತ್ತು ದಾಟಿದ ಮನುಷ್ಯ, ಊರಿಗೆಲ್ಲ ಅವನದೇ ಅಳತೆಯ ಕೈ. ಅಣ್ಣತಮ್ಮಂದಿರು ಪಾಲಾಗುವಾಗ, ಗೇಣಿ ಕೊಡುವಾಗ, ಹೂವಪ್ಪ ಅಳೆದ ಅಂದರೆ ಎರಡನೇ ಮಾತಿಲ್ಲ. ಅವತ್ತೂ ಮಿಂದು ಬಂದು ರಾಶಿಗೆ ಕೈಮುಗಿದು ಕೂತ. ಮೊದಲ ಕೊಳಗ ತುಂಬಿ ‘ಲಾಭ’ ಎಂದು ಸರ್ಕಾರದ ಮೂಟೆಗೆ ಸುರಿದ.

ದೊರೆ ನನ್ನ ಕಡೆ ತಿರುಗಿ, ಅವನು ಏನಂದ ಎಂದು ಕೇಳಿದ.

ಒಂದು ಅಂದ ಅಂತ ಹೇಳಿದ್ದರೆ ಮುಗಿದಿತ್ತು. ನನಗೆ ಇಂಗ್ಲಿಷಿನ ಹುರುಪು. ಆ ಮಾತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅದನ್ನೇ ಠಾಕುಠೀಕಾಗಿ ಹೇಳಿದೆ. ಪ್ರಾಫಿಟ್ ಅಂದ, ಸರ್, ಅಂದೆ. ದೊರೆ ಮುಗುಳ್ನಕ್ಕ. ಈ ದೇಶದ ಮಾಮೂಲುಗಳು ತನಗೆ ಹೊಸದಲ್ಲ ಅಂದ. ಖಂಡುಗಕ್ಕೊಂದು ಕೊಳಗ ಕೊಂಡವನಿಗೆ ಲಾಭ ಅಂತ ಬಿಟ್ಟುಕೊಡುತ್ತಾರೆ, ಒಳ್ಳೆಯ ಪದ್ಧತಿ, ಸರ್ಕಾರ ಅದನ್ನು ಸ್ವೀಕರಿಸುತ್ತದೆ, ಆದರೆ ಕಾಣಿಕೆಯನ್ನು ಪುಸ್ತಕದಲ್ಲಿ ಬರೆಯುವಂತಿಲ್ಲ ಅಂದ. ನನಗೆ ಆಗ ಎಚ್ಚರವಾಯಿತು. ಹಾಗಲ್ಲ ಸರ್, ಇಲ್ಲಿ ಆ ಮಾತಿನ ಅರ್ಥ ಒಂದು ಅಂತಲೇ, ಎಂದೆ.

“ಈಗ ತಾನೆ ಲಾಭ ಅಂದೆಯಲ್ಲ. ಯಾವುದು ಸರಿ, ಲಾಭವೋ ಒಂದೋ?”

ಎರಡೂ, ಎಂದೆ.

“ಸರ್ಕಾರದ ಕೆಲಸದಲ್ಲಿ ಒಂದು ಮಾತಿಗೆ ಒಂದೇ ಅರ್ಥ,” ಎಂದ ದೊರೆ. “ನೀನು ಮೊದಲು ಹೇಳಿದ್ದೇ ನಿಲ್ಲುತ್ತದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಅಲ್ಲಿಯೇ ಪುಸ್ತಕ ಮುಚ್ಚಿ ಎದ್ದುಬಿಡಬೇಕಿತ್ತು. ಏಳಲಿಲ್ಲ. ಕೆಲಸ ಸಿಕ್ಕಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಬುದ್ಧಿ. ಹೂವಪ್ಪನಿಗಾದರೂ ಎಚ್ಚರ ಹೇಳಬೇಕಿತ್ತು, ದೊರೆಯ ಎದುರು ಕನ್ನಡ ಮಾತಾಡಿದರೆ ಪಿತೂರಿ ಅಂದುಕೊಂಡಾನು ಅಂತ ಅದನ್ನೂ ಬಿಟ್ಟೆ. ಹೂವಪ್ಪ ಅಳೆಯುತ್ತ ಹೋದ. ಹತ್ತು ಸಲ ಲಾಭ ಅಂದ, ಹತ್ತು ಸಲವೂ ನಾನು ಗೆರೆ ಎಳೆಯಲಿಲ್ಲ. ಭತ್ತ ಮಾತ್ರ ಮೂಟೆಗೆ ಬೀಳುತ್ತಲೇ ಇತ್ತು.

ಸಂಜೆ ಪುಸ್ತಕದಲ್ಲಿ ಇನ್ನೂರು ಕೊಳಗದ ಬದಲು ನೂರ ತೊಂಬತ್ತೇ ಇತ್ತು. ಹತ್ತು ಕೊಳಗ ಕಡಿಮೆ ಅಂತ ಓದಿ ಹೇಳಬೇಕಾದವನೂ ನಾನೇ. ಹುಲಿಯಮ್ಮನಿಗೆ ಮೊದಲು ಸಿಟ್ಟೂ ಬರಲಿಲ್ಲ, ನಾನು ತಪ್ಪಿ ಓದಿದೆ ಅಂದುಕೊಂಡಳು. ಮೊರ ತಂದು ದೊರೆಯ ಮುಂದೆ ಹಿಡಿದು, ಹಿಡಿ ಹಿಡಿಯಾಗಿ ಬೇರೆ ಬೇರೆ ಇಟ್ಟಿದ್ದ ಗುಪ್ಪೆಗಳನ್ನು ಬೆರಳಿಟ್ಟು ತೋರಿಸಿದಳು. ಹತ್ತು ಗುಪ್ಪೆ, ಅಂದರೆ ಹತ್ತು ಖಂಡುಗ. ದೊರೆ ಮೊರವನ್ನೂ ನೋಡಿದ, ಅವಳನ್ನೂ ನೋಡಿದ. ‘ಸುಳ್ಳು’ ಅಂದ. ಅವನಿಗೆ ಬರುತ್ತಿದ್ದ ಮೂರರಲ್ಲಿ ಅದೊಂದು.

ಹತ್ತು ಕೊಳಗ ತುಂಬಿಕೊಡಲು ಎಂಟು ದಿನ ಗಡುವು ಕೊಟ್ಟ. ಬೀಜದ ಭತ್ತಕ್ಕೆ ವಿನಾಯಿತಿ ಇದೆ ಅಂತ ಲೆವಿಯ ಕಾಗದದಲ್ಲಿ ಒಂದು ಸಾಲು ಇತ್ತು. ಕೊರತೆ ತೋರಿಸಿದವರಿಗೆ ಆ ವಿನಾಯಿತಿ ಇಲ್ಲ ಅಂತ ಅದರ ಕೆಳಗೇ ಇನ್ನೊಂದು ಸಾಲು ಇತ್ತು. ಅವರ ಕಾಗದಗಳು ಯಾವಾಗಲೂ ಹಾಗೆಯೇ, ಮೇಲಿನ ಸಾಲಿನಲ್ಲಿ ಕೊಟ್ಟದ್ದನ್ನು ಕೆಳಗಿನ ಸಾಲಿನಲ್ಲಿ ಕಿತ್ತುಕೊಳ್ಳುತ್ತವೆ.

ದೊರೆಯ ಗಾಡಿ ಹೋದ ಮೇಲೆ ಹೂವಪ್ಪ ನನ್ನ ಹತ್ತಿರ ಬಂದ. ನಲವತ್ತು ವರ್ಷದಲ್ಲಿ ಅವನ ಅಳತೆ ಕಡಿಮೆ ಬಿತ್ತು ಎಂದವರು ಯಾರೂ ಇರಲಿಲ್ಲ.

“ಸಣ್ಣ ಹೆಗ್ಡೇರೇ, ದೊರೆ ನಿಮ್ಮತ್ರ ಎಂತ ಕೇಳಿದ್ರು? ನೀವೆಂತ ಹೇಳಿದ್ರಿ?”

ದೊರೆಗೆ ನಮ್ಮ ಪದ್ಧತಿ ಅರ್ಥವಾಗಲಿಲ್ಲ ಅಂದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಮನೆ ನಮ್ಮದು. ಅಮ್ಮ, ಯಶೋಧಾ ಅಂತ ಅವಳ ಹೆಸರು, ಬಾಳೆ ಹಾಕಿದಳು, ಬಡಿಸಿದಳು, ಎಲ್ಲ ಬಡಿಸಿದ ಮೇಲೆ ಕೇಳಿದಳು.

“ಅಷ್ಟು ಓದಿದ್ದೀಯಲ್ಲ, ಒಂದು ಅನ್ನೋ ಮಾತು ನಿನ್ನ ಬಾಯಲ್ಲಿ ಬರಲಿಲ್ವಾ?”

ನಾನು ಅರ್ಧ ಊಟದಲ್ಲೇ ಬಾಳೆ ಮಡಿಸಿ ಎದ್ದೆ.

ಊರಿನಲ್ಲಿ ಎಲ್ಲರ ಭತ್ತವೂ ಹಾಗೆಯೇ ಕಡಿಮೆ ಬಿತ್ತು. ಇದ್ದವರು ಊಟದ ಭತ್ತದಲ್ಲಿ ತೆಗೆದು ತುಂಬಿಕೊಟ್ಟರು. ಬಾಕಿ ಹಳ್ಳಿಗಳಿಗೆ ನಾನು ಒಂದು ದಿನ ಮುಂಚೆಯೇ ಹೋಗಿ, ದಮ್ಮಯ್ಯ, ಒಂದು ಅನ್ನಿ ಅಂತ ಅಳೆಯುವವರಿಗೆ ಹೇಳಿಬಂದೆ. ಆಗಲಿ ಅಂತ ತಲೆಯಾಡಿಸಿದರು. ಮಾರನೆಯ ದಿನ ಕೊಳಗ ಕೈಗೆ ಬಂದೊಡನೆ ಬಾಯಿ ತಾನಾಗಿಯೇ ಲಾಭ ಅಂದುಬಿಡುತ್ತಿತ್ತು. ಅಂದಮೇಲೆ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದರು. ರಾಶಿಯ ಮುಂದೆ ಅಪ್ಪ ಅಜ್ಜಂದಿರು ಆಡಿದ ಮಾತು ಒಂದು ದಿನದಲ್ಲಿ ನಾಲಿಗೆ ಬಿಟ್ಟು ಹೋಗುತ್ತದೆಯೇ? ಶುಭ ಬಯಸಿ ಆಡಿದ ಮಾತಿಗೇ ಸರ್ಕಾರ ದಂಡ ಹಾಕಿತ್ತು.

ಹುಲಿಯಮ್ಮನಲ್ಲಿ ತುಂಬಿಕೊಡಲು ಏನೂ ಇರಲಿಲ್ಲ. ಊರಿನವರು ದಿಬ್ಬದ ಭತ್ತ ಸಾಲ ಕೊಡುತ್ತೇವೆ ಅಂತ ಮುಂದೆ ಬಂದರು. ಇಡೀ ಊರಿನ ಲೆವಿ ಪೂರ್ತಿ ಮುಗಿಯದೆ ಒಬ್ಬರ ಭತ್ತ ಇನ್ನೊಬ್ಬರಿಗೆ ಕೊಡುವಂತಿಲ್ಲ ಅಂತ ಅದಕ್ಕೂ ಒಂದು ನಿಯಮ ಇತ್ತು. ಉಪಕಾರ ಮಾಡುವುದಕ್ಕೂ ಪರವಾನಗಿ. ಒಂಬತ್ತನೆಯ ದಿನ ಬೆಳಿಗ್ಗೆ ಒಂದು ಎತ್ತಿನ ಗಾಡಿ, ಇಬ್ಬರು ಜವಾನರು, ಒಬ್ಬ ಪೊಲೀಸು, ನಾನು, ದೊರೆ, ಇಷ್ಟು ಜನ ಅವಳ ಅಂಗಳಕ್ಕೆ ಹೋದೆವು. ಹತ್ತು ಕೊಳಗ ಭತ್ತಕ್ಕೆ ಇಷ್ಟೊಂದು ದಂಡು.

ಜವಾನರು ಅಟ್ಟದಿಂದ ಎರಡು ಮುಡಿ ಇಳಿಸಿದರು. ಬಿತ್ತುವ ದಿನ ದೀಪ ಹಚ್ಚಿ ಬಿಚ್ಚಬೇಕಾದ ಮುಡಿ. ಹುಲಿಯಮ್ಮ ಬಾಗಿಲಲ್ಲೇ ನಿಂತಿದ್ದಳು, ಅಳಲಿಲ್ಲ. ನನಗೆ ಕೇಳಲಿ ಅಂತಲೇ ಒಂದೇ ಒಂದು ಮಾತು ಹೇಳಿದಳು.

“ಇದು ತಿನ್ನೋದಲ್ಲ ಅಂತ ಹೇಳ್ರಾ ಅವ್ನಿಗೆ. ಇದು ಹೋದ್ರೆ ನನ್ ಗದ್ದೆಗೆ ಇನ್ಯಾವ್ದೂ ಬರ್ದು.”

ಹೇಳಿದೆ. ನಿಧಾನವಾಗಿ, ಒಂದೊಂದು ಮಾತೂ ತೂಗಿ ಹೇಳಿದೆ. ಬೀಜ ಬೇಕಾದರೆ ಮಳೆಗಾಲಕ್ಕೆ ಗೋದಾಮಿನಲ್ಲಿ ಸಿಗುತ್ತದೆ ಅಂದ ದೊರೆ. ಗೋದಾಮಿನದು ಬಯಲುಸೀಮೆಯ ಭತ್ತ, ನೆರೆ ಬರುವ ಗದ್ದೆಯಲ್ಲಿ ಮೂರು ದಿನ ಬಾಳುವುದಿಲ್ಲ ಅಂದೆ. ಭತ್ತ ಅಂದರೆ ಭತ್ತ ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣಕ್ಕಾದರೂ ಗದ್ದೆ ಅಂದರೆ ಏನು ಅಂತ ಗೊತ್ತಿರುತ್ತದೆ.

ಅಳೆಯುವುದಕ್ಕೆ ಹೂವಪ್ಪನನ್ನೇ ಕರೆಸಿದ್ದರು, ಬೇರೆ ಯಾರೂ ಬರಲು ಒಪ್ಪಿರಲಿಲ್ಲ. ಅವನು ಅವತ್ತೂ ಮಿಂದು ಬಂದಿದ್ದ. ಊರೆಲ್ಲ ಬೇಲಿಯ ಆಚೆ ನಿಂತಿತ್ತು. ಹೂವಪ್ಪ ಮುಡಿಯ ಹಗ್ಗ ಕತ್ತರಿಸದೆ, ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಭತ್ತವನ್ನು ಚಾಪೆಯ ಮೇಲೆ ಸುರಿದು ಕೈಮುಗಿದ. ಮೊದಲ ಕೊಳಗ ತುಂಬಿ ಮೂಟೆಗೆ ಹಾಕಿ, ‘ಲಾಭ’ ಅಂದ.

ಎರಡನೆಯದು ತುಂಬಿದ. ‘ಲಾಭ’ ಅಂದ.

ವಯಸ್ಸಾಯಿತು, ಮರೆತ ಅಂದುಕೊಂಡೆ. ಮೂರನೆಯ ಕೊಳಗವನ್ನು ಎತ್ತಿ ಹಿಡಿದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಬೇಲಿಯ ಆಚೆಯವರಿಗೂ ಕೇಳುವ ಹಾಗೆ ‘ಲಾಭ’ ಅಂದ. ಆಗ ತಿಳಿಯಿತು. ಹತ್ತು ಕೊಳಗವನ್ನೂ ಅವನು ಹಾಗೆಯೇ ಅಳೆದ. ಹತ್ತಕ್ಕೂ ಲಾಭ. ನನ್ನ ಕೈಯ ಪುಸ್ತಕದಲ್ಲಿ ಒಂದು ಗೆರೆಯೂ ಬೀಳಲಿಲ್ಲ, ನಿಯಮ ಹಾಗಿತ್ತು.

ಎಷ್ಟಾಯಿತು ಎಂದು ದೊರೆ ಕೇಳಿದ. ಏನೂ ಆಗಿಲ್ಲ ಸರ್, ಅಂದೆ. ಹತ್ತು ಅಂತ ಬರೆ ಅಂದ. ಆ ಹೊತ್ತಿಗೆ ನನ್ನೊಳಗೆ ಎಂಟು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತ್ತು. ನನ್ನ ಇಂಗ್ಲಿಷು ಜನ್ಮದಲ್ಲಿ ಒಂದೇ ಸಲ ಒಳ್ಳೆಯ ಕೆಲಸಕ್ಕೆ ಬಂದದ್ದು ಅವತ್ತು. ಲಾಭ ಅಂದರೆ ಒಂದು ಅಂತಾದರೆ ಇವತ್ತಿನದು ಹತ್ತು ಕೊಳಗ ಸರ್, ಆದರೆ ಆಗ ಅವತ್ತಿನ ಹತ್ತು ಲಾಭವೂ ಹತ್ತು ಕೊಳಗವೇ, ಇವಳ ಲೆವಿ ಅವತ್ತೇ ಪೂರ್ತಿಯಾಗಿದೆ, ಮುಡಿ ವಾಪಸು ಕೊಡಬೇಕು. ಲಾಭ ಅಂದರೆ ಒಂದು ಅಲ್ಲ ಅಂತಾದರೆ ಇವತ್ತು ಒಂದು ಕಾಳೂ ಅಳೆದಿಲ್ಲ, ಅಳೆಯದ ಭತ್ತವನ್ನು ಒಯ್ಯುವಂತಿಲ್ಲ. ಒಂದು ಮಾತಿಗೆ ಒಂದೇ ಅರ್ಥ ಅಂದವರು ನೀವು, ಯಾವುದು ಅಂತ ಹೇಳಿ, ಬರೆಯುತ್ತೇನೆ.

ದೊರೆ ದಡ್ಡನಲ್ಲ. ಅರ್ಥವಾಗಲು ಅವನಿಗೆ ಒಂದು ಗಳಿಗೆ ಸಾಕಾಯಿತು. ಮುಖ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ. ಮೂಟೆ ಗಾಡಿಗೆ ಹಾಕಿ ಅಂತ ಜವಾನರಿಗೆ ಕೈ ತೋರಿಸಿದ. ಪುಸ್ತಕದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಏನೂ ಬರೆಯಬೇಡ ಅಂದ. ಹಾಗಾದರೆ ಯಾವ ನಿಯಮದ ಮೇಲೆ ಒಯ್ಯುತ್ತೀರಿ ಎಂದು ಕೇಳಿದೆ.

“ನಿಯಮ ಇರುವುದು ನಿಮಗೆ,” ಅಂದ. “ನನಗಲ್ಲ.”

ಇವತ್ತಿಗೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ಅಲ್ಲಿಯವರೆಗೆ ನಾನು ಅವರನ್ನು ಕಟುಕರು ಅಂದುಕೊಂಡಿದ್ದರೂ ನ್ಯಾಯವಂತ ಕಟುಕರು ಅಂದುಕೊಂಡಿದ್ದೆ. ಪುಸ್ತಕ, ಗೆರೆ, ಗಡುವು, ಸಾಲು, ಇವೆಲ್ಲ ಇಬ್ಬರಿಗೂ ಕಟ್ಟಿದ ಹಗ್ಗ ಅಂತ ನಂಬಿದ್ದೆ. ಆ ಹಗ್ಗದ ಕುಣಿಕೆ ನಮ್ಮ ಕುತ್ತಿಗೆಯಲ್ಲಿತ್ತು, ತುದಿ ಅವರ ಕೈಯಲ್ಲಿತ್ತು, ಅಷ್ಟೆ. ಬೇಕಾದಾಗ ಎಳೆಯುತ್ತಾರೆ, ಬೇಡವಾದಾಗ ಕೈಬಿಟ್ಟು ಭತ್ತದ ಮೂಟೆ ಹಿಡಿಯುತ್ತಾರೆ. ಇಂಥವರಿಗೆ ನಾನು ಅವರ ಭಾಷೆಯನ್ನೇ ಕಲಿತು ಗುಮಾಸ್ತನಾಗಿದ್ದೆ.

ಪುಸ್ತಕವನ್ನು ಗಾಡಿಯ ಮೇಲೆ ಎಸೆದೆ. ಕೆಲಸ ಹೋಯಿತು, ಅದು ದೊಡ್ಡದಲ್ಲ. ಹೂವಪ್ಪನನ್ನು ಯುದ್ಧಕಾಲದ ಕಾನೂನಿನ ಮೇಲೆ ಹಿಡಿದುಕೊಂಡು ಹೋದರು. ಲೆವಿಗೆ ಅಡ್ಡಿಪಡಿಸಿದ ಅಂತ ಆರೋಪ, ಒಂದು ವರ್ಷ ಸಜೆ. ಲಾಭ ಅಂದದ್ದಕ್ಕೆ ಜೈಲು ಕಂಡವನು ಈ ಭೂಮಿಯಲ್ಲಿ ಅವನೊಬ್ಬನೇ ಇರಬೇಕು. ವಿಚಾರಣೆಯ ದಿನ ನಾನು ಹೋಗಿ ಆ ಮಾತಿನ ಅರ್ಥ ವಿವರಿಸಿದೆ. ಕೆಲಸ ಕಳೆದುಕೊಂಡವನ ಸಾಕ್ಷಿ ನಂಬುವಂಥದ್ದಲ್ಲ ಎಂದರು.

ಮಳೆ ಹಿಡಿಯಿತು. ಸಸಿ ಎಬ್ಬಿಸುವ ಅಗೆಮಡಿ ಎಲ್ಲರದೂ ಹಸಿರಾಯಿತು. ಹುಲಿಯಮ್ಮನ ಗದ್ದೆ ಬೀಳು ಬೀಳುತ್ತದೆ ಅಂದುಕೊಂಡು ನಾನು ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೆ. ಒಂದು ದಿನ ಅವಳೇ ಹೊಳೆಬದಿಯಿಂದ ಕೂಗಿ ಕರೆದಳು. ಗದ್ದೆಯ ಒಂದು ಮೂಲೆಯಲ್ಲಿ, ಚಾಪೆಯಷ್ಟು ಜಾಗದಲ್ಲಿ, ಸಸಿ ಎದ್ದಿತ್ತು. ಮೊರದ ಹತ್ತು ಹಿಡಿ ಭತ್ತ. ದೊರೆ ಸುಳ್ಳು ಅಂದಿದ್ದನಲ್ಲ, ಅದೇ. ಗುರುತಿಗೆ ಇಟ್ಟದ್ದು ಲೆವಿಗೂ ಸೇರಿರಲಿಲ್ಲ, ಪುಸ್ತಕಕ್ಕೂ ಸೇರಿರಲಿಲ್ಲ. ಅದೂ ಎಡಿಕುಣಿಯೇ. ಆ ವರ್ಷ ಅವಳು ಬೇರೆಯವರ ಗದ್ದೆಗೆ ಕೂಲಿಗೆ ಹೋಗಿ ಹೊಟ್ಟೆ ಹೊರೆದಳು, ಸಂಜೆಗೆ ಬಂದು ಸಸಿಯನ್ನು ಬಿಡಿಬಿಡಿಯಾಗಿ ಕಿತ್ತು ಅಗಲವಾಗಿ ನೆಟ್ಟು ಆ ಮೂಲೆಯನ್ನು ಕಾದಳು. ಆಷಾಢದಲ್ಲಿ ನೆರೆ ಬಂತು, ಎಂಟು ದಿನ ಮುಚ್ಚಿತು. ಇಳಿದ ಮೇಲೆ ಸಸಿ ಎದ್ದು ನಿಂತಿತು.

ಸುಗ್ಗಿಯಲ್ಲಿ ಅಳೆಯಲು ಬನ್ನಿ ಅಂತ ಹೇಳಿಕಳಿಸಿದಳು. ಹೂವಪ್ಪ ಇನ್ನೂ ಜೈಲಿನಲ್ಲಿದ್ದ. ಅವನ ಕೊಳಗವನ್ನು ಅವನ ಮನೆಯವರು ಹುಲಿಯಮ್ಮನಿಗೆ ಕೊಟ್ಟಿದ್ದರು, ಅವಳು ಅದನ್ನು ನನ್ನ ಕೈಗಿತ್ತಳು. ನಾನು ಮಿಂದು ಹೋಗಿದ್ದೆ. ಕಣದ ನಡುವೆ ಪುಟ್ಟದೊಂದು ರಾಶಿ. ಕೊಳಗ ತುಂಬಿದೆ, ಎತ್ತಿದೆ. ಬಾಯಿಗೆ ಆ ಮಾತು ಬರಲಿಲ್ಲ. ಅದನ್ನು ನಾನೇ ಮಾರಿದ್ದೆ ಅನ್ನಿಸಿತು. ಪಕ್ಕದಲ್ಲಿದ್ದ ಬಿದಿರಿನ ಮಂಕರಿಗೆ ಸುರಿಯುತ್ತ ಮೆಲ್ಲಗೆ ‘ಒಂದು’ ಅಂದೆ.

ಹುಲಿಯಮ್ಮ ಮಂಕರಿಯಿಂದ ಆ ಭತ್ತವನ್ನು ಬಾಚಿ ಮತ್ತೆ ರಾಶಿಗೆ ಹಾಕಿದಳು.

“ಭತ್ತ ಒಯ್ದ್ರು. ಹೂವಪ್ಪಣ್ಣನ್ನ ಒಯ್ದ್ರು,” ಅಂದಳು. “ಮಾತನ್ನೂ ನೀನೇ ಕೊಟ್ಟು ಕಳಿಸ್ತೀಯ ಮಗಾ? ಸರಿಯಾಗಿ ಅಳಿ.”

ಅಲ್ಲಿಯವರೆಗೆ ಅವಳು ನನ್ನನ್ನು ಸಣ್ಣ ಹೆಗ್ಡೇರು ಅನ್ನುತ್ತಿದ್ದಳು. ಕೊಳಗವನ್ನು ಮತ್ತೆ ತುಂಬಿದೆ. ಬೇಲಿಯ ಆಚೆ ಯಾರೂ ಇರಲಿಲ್ಲ, ಆದರೂ ಊರಿಗೆ ಕೇಳುವ ಹಾಗೆ ‘ಲಾಭ’ ಅಂದೆ. ಆಮೇಲೆ ಎರಡು, ಮೂರು, ನಾಲ್ಕು. ಅಲ್ಲಿಗೆ ರಾಶಿ ಮುಗಿಯಿತು. ಅವಳು ಹುಲ್ಲು ತಂದು ಹಾಸಿದಳು, ನಾನು ಹಗ್ಗ ಹಿಡಿದೆ, ಇಬ್ಬರೂ ಸೇರಿ ಮುಡಿ ಕಟ್ಟಿದೆವು.